ಮದ್ದೂರಿನಲ್ಲಿ ನಾನು ಬಿಡಿಸಿದ ಜಗಳ

ಅವ್ವಾ,

ಅಣುಯುದ್ಧ ಬೇಡವೆನ್ನುವ ನಮ್ಮ ಸಭೆಗೆ ಮದ್ದೂರಿನಲ್ಲಿ ಛತ್ರ ಕೊಡುತ್ತೇವೆ ಎಂದರು, ಕೊಡಲಿಲ್ಲ. ಶಾಲೆಯ ಅಂಗಳ ಎಂದರು, ಅದಕ್ಕೂ ಬೀಗ ಹಾಕಿದರು. ಬಾಂಬು ಕೂಡಿಡುವವರಿಗೆ ನಮ್ಮದೊಂದು ಮೈಕು ಕಂಡರೆ ಭಯ!

ಕೊನೆಗೆ ಮಾದಯ್ಯ, ಹುಚ್ಚೀರಯ್ಯ ಎಂಬಿಬ್ಬರು ಪಾಲಿನಲ್ಲಿ ನಡೆಸುವ ಆಲೆಮನೆಗೆ ಹೋಗಿ ಜಾಗ ಕೇಳಿದೆ. ಅಲ್ಲೂ ಇಲ್ಲವೆಂದರೆ ಸಭೆಯೇ ಇಲ್ಲ. ಕೇಳಿದ್ದೇ ತಡ, ಇಬ್ಬರೂ ಕೂಗಾಡತೊಡಗಿದರು.

"ನಿಂಗೇನ್ ಬುದ್ದಿ ಐತೇನ್ಲಾ?"

"ನಿಂಗಿಂತ ಐತೆ, ಮುಚ್ಲಾ ಬಾಯಿ!"

ನಮ್ಮ ಗದಗಿನಲ್ಲಿ ಇಷ್ಟು ಕೂಗಿದರೆ ಮುಂದಿನದು ಬಡಿಗೆಯೇ. ನಾನು ನಡುವೆ ನುಗ್ಗಿ ಕೈಮುಗಿದೆ. ಇಬ್ಬರೂ ಬಿದ್ದುಬಿದ್ದು ನಕ್ಕರು.

"ಜಗ್ಳ ಅಲ್ಲ ಕಣಮ್ಮ," ಎಂದ ಮಾದಯ್ಯ. "ಜಾಗ ಕೊಡೋದು ಆಗ್ಲೇ ಆಯ್ತು. ಸಾಮಿಯಾನ ಎಲ್ ಆಕದು ಅಂತ ಮಾತಾಡ್ತಾ ಇದೀವಿ. ನಾವು ಮಾತು ಬುಟ್ಟಾಗ ಎದ್ರುಕೊ!"

ದೆಹಲಿಗೂ ಇಸ್ಲಾಮಾಬಾದಿಗೂ ಇದನ್ನೇ ಠರಾವು ಮಾಡಿ ಕಳಿಸುತ್ತೇವೆ: ಎಷ್ಟು ಬೇಕಾದರೂ ಬೈದಾಡಿಕೊಳ್ಳಿ, ಎದುರುಬದುರು ಕೂತು ಬೈದಾಡಿ, ಮಾತು ಮಾತ್ರ ಬಿಡಬೇಡಿ.

ಬಿಸಿ ಬೆಲ್ಲ ತಿಂದು ನನ್ನ ಕೆಮ್ಮು ಹೋಯಿತು, ಚಿಂತೆ ಬೇಡ. ಕಾರ್ಡು ತುಂಬಿತು. ಸಭೆ ಈ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ.

ಗಿರಿಜಾ