‘ತಲುಪಿದೆ’ ಎಂಬ ಸುಳ್ಳಿಗೆ ನನ್ನ ದನಿ

ಮಾನ್ಯ ಮುಖ್ಯ ಪರಿಶೀಲನಾಧಿಕಾರಿಗಳೇ,

ನಿಮ್ಮ ಸುಪರ್ದಿಯಲ್ಲಿರುವ ಕಟ್ಟಡಗಳ ಲಿಫ್ಟಿನೊಳಗೆ ಮಾತಾಡುವವನು ನಾನು. ತಾವು ಬೆಳಿಗ್ಗೆ ಕಚೇರಿಗೆ ಏರುವಾಗ ‘ಬಾಗಿಲು ಮುಚ್ಚುತ್ತಿದೆ’ ಎಂದು ತಲೆಯ ಮೇಲಿನಿಂದ ಸಾರುವ ಗಂಡು ದನಿ ನನ್ನದು. ಲಿಫ್ಟು ಅರ್ಧದಲ್ಲಿ ನಿಂತು, ಒಳಗಿದ್ದವರು ಕೆಂಪು ಗುಂಡಿ ಒತ್ತಿದರೆ ಅದೇ ದನಿ ಇನ್ನೊಂದು ಮಾತು ಹೇಳುತ್ತದೆ: ‘ಗಾಬರಿಯಾಗಬೇಡಿ. ನಿಮ್ಮ ಕರೆ ನಿಯಂತ್ರಣ ಕೊಠಡಿಗೆ ತಲುಪಿದೆ. ಸಹಾಯ ಬರುತ್ತಿದೆ.’ ಇದರಲ್ಲಿ ಮೊದಲನೆಯದು ಉಪದೇಶ. ಉಳಿದೆರಡು ಶುದ್ಧ ಸುಳ್ಳು. ಸುಳ್ಳೆಂದು ತಮಗೆ ಈಗಾಗಲೇ ಬರೆದು ತಿಳಿಸಿದ್ದೇನೆ. ‘ಕೈಪಿಡಿಯ ಪ್ರಕಾರ ವ್ಯವಸ್ಥೆ ಸರಿಯಾಗಿದೆ ಎಂದು ಪರಿಶೀಲಿಸಲಾಗಿದೆ’ ಎಂದು ತಮ್ಮ ಕಚೇರಿ ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದೆ. ಆದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ದನಿ ಎತ್ತುವುದು ನನಗೆ ಹೊಸದಲ್ಲ. ಮೈಕು ಕೆಟ್ಟ ದಿನವೂ ಕೊನೆಯ ಬೆಂಚಿನವನು ಬೆಚ್ಚಿ ಎದ್ದು ಕೂರುವಂತೆ ಮಾತಾಡಿದವನೆಂದು ನಾಟಕದ ಕಂಪನಿಯವರು ನನಗೆ ಗುಡುಗಪ್ಪ ಎಂದೇ ಹೆಸರಿಟ್ಟಿದ್ದರು. ಗುಡುಗುವ ಬಾಯಿಯನ್ನೇ ತಾವು ಬಾಡಿಗೆಗೆ ಪಡೆದಿರಿ. ಈಗ ಅದು ತಮ್ಮ ಮೇಲೇ ಗುಡುಗಿದರೆ ಬೇಸರಪಟ್ಟುಕೊಳ್ಳಬಾರದು.

ಆ ಕಂಪನಿಯಲ್ಲಿ ನಾನು ರಾಜನಾದರೆ ನನ್ನ ಅಕ್ಕ ರಾಜನ ನಾಲಗೆ. ಅಂದರೆ ಪ್ರಾಂಪ್ಟರು. ರಂಗದ ಬದಿಯಲ್ಲಿ, ಪರದೆಯ ಮರೆಯಲ್ಲಿ, ಬಣ್ಣದ ಪೆಟ್ಟಿಗೆಯ ಮೇಲೆ ಹಸ್ತಪ್ರತಿ ಹರವಿಕೊಂಡು ಕೂತಿರುತ್ತಿದ್ದಳು. ನಟ ಮಾತು ಮರೆತರೆ ಪಿಸುಗುಟ್ಟುತ್ತಿದ್ದಳು. ನಟ ತಪ್ಪು ಮಾತು ಹೇಳಿದರೆ ಮಾತ್ರ ಬೆರಳ ಗೆಣ್ಣಿನಿಂದ ಪೆಟ್ಟಿಗೆಗೆ ಒಮ್ಮೆ ಬಡಿಯುತ್ತಿದ್ದಳು. ಟಕ್. ಜನರಿಗೆ ಅದು ಕೇಳಿಸದು, ನಮಗೆ ಮಾತ್ರ ಬೆನ್ನುಹುರಿಯಲ್ಲಿ ಕೇಳಿಸುತ್ತಿತ್ತು. ಆ ಟಕ್ಕಿಗೆ ಹೆದರಿ ಹೆದರಿ ನಾನು ಒಂದು ಅಕ್ಷರ ತಪ್ಪದ ನಟನಾದೆ. ‘ನನ್ನ ತಮ್ಮ ಕುಡಿದು ಬಂದ್ರೂ ಸುಳ್ಳು ಸಾಲು ಹೇಳಲ್ಲ’ ಎಂದು ಅವಳು ಹೊಸಬರ ಮುಂದೆ ಹೇಳಿ ನನ್ನ ಮಾನವನ್ನು ಒಂದೇ ಉಸಿರಿಗೆ ಎತ್ತಿ ಇಳಿಸುತ್ತಿದ್ದಳು.

ಕಂಪನಿ ಮುಚ್ಚಿದ ಮೇಲೆ ದನಿಯೇ ನನಗೆ ಅನ್ನ ಹಾಕಿತು. ತಮ್ಮ ಇಲಾಖೆಯ ಕರೆ ಬಂದಾಗ ಹಿಗ್ಗಿಹೋದೆ. ಗಾಜಿನ ಕೋಣೆಯಲ್ಲಿ ನಿಲ್ಲಿಸಿ, ಕಿವಿಗೆ ಹೆಡ್‌ಫೋನು ಹಾಕಿ, ವಾಕ್ಯಗಳನ್ನು ಮುಂದಿಟ್ಟರು. ‘ತಲುಪಿದೆ’ ಎಂಬ ಮಾತಿನ ಹತ್ತಿರ ನಾನು ನಿಂತೆ. ಹಳೆಯ ಅಭ್ಯಾಸ, ಪೆಟ್ಟಿಗೆಯ ಸದ್ದು ಬರುತ್ತದೋ ಎಂದು ಕಿವಿ ಕಾಯುತ್ತದೆ. ಕರೆ ತಲುಪಿತೆಂದು ಲಿಫ್ಟಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ತಮ್ಮ ಇಲಾಖೆಯಿಂದ ಬಂದಿದ್ದ ಸಭ್ಯ ಮನುಷ್ಯರು ಕೈಪಿಡಿಯ ಪುಟ ತೆರೆದು ಓದಿದರು: ಕರೆ ಬಂದಾಗ ಕೊಠಡಿಯ ಸಿಬ್ಬಂದಿ ಸ್ವೀಕಾರದ ಗುಂಡಿ ಒತ್ತುತ್ತಾರೆ, ಒತ್ತಿದ ಮೇಲಷ್ಟೇ ಈ ಸಂದೇಶ ಕೇಳಿಸುತ್ತದೆ. ‘ಕೈಪಿಡೀಲೇ ಇದೆ ಸರ್. ನೀವು ಸ್ವಲ್ಪ ಧೈರ್ಯ ತುಂಬೋ ಹಾಗೆ ಹೇಳಿ’ ಎಂದರು. ತುಂಬಿದೆ, ಸ್ವಾಮಿ. ಸೋತ ಸೈನ್ಯವನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ ದನಿಯಲ್ಲಿ, ಗಂಟಲಿನ ತಳದಿಂದ ಧೈರ್ಯ ತೆಗೆದು ತಮ್ಮ ಯಂತ್ರಕ್ಕೆ ತುಂಬಿದೆ.

ಇನ್ನು ನನ್ನ ಸಾಕ್ಷ್ಯ. ಅಕ್ಕ ಕಣ್ಣು ತೋರಿಸಲು ತಮ್ಮ ಆಡಳಿತದ ಚಿಕಿತ್ಸಾಲಯಕ್ಕೆ ಹೋಗಿದ್ದಳು. ಮೇಲೇರುವಾಗ ಎರಡು ಮಹಡಿಗಳ ನಡುವೆ ಲಿಫ್ಟು ನಿಂತಿತು. ಒಳಗೆ ಅವಳಲ್ಲದೆ ಇದ್ದವರು ಒಬ್ಬ ದರ್ಜಿ ಮಾತ್ರ. ವಾರ್ಡುಗಳಿಗೆ ಪರದೆ ಹೊಲಿದು, ಅದರ ಗಂಟನ್ನು ಹೆಗಲ ಮೇಲೆ ಹೊತ್ತು ಬಂದಿದ್ದವರು. ಆಮೇಲೆ ನಡೆದದ್ದೆಲ್ಲ ನನಗೆ ಗೊತ್ತಾಗಿದ್ದು ಅವರಿಂದಲೇ. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಅವರು ಕೆಂಪು ಗುಂಡಿ ಒತ್ತಿದರು. ತಲೆಯ ಮೇಲಿನಿಂದ ನಾನು ಮಾತಾಡಿದೆ. ಅಕ್ಕ ಮುಖ ಎತ್ತಿ ನಕ್ಕಳಂತೆ. ಸ್ವಲ್ಪ ಹೊತ್ತಿಗೆ ಬಲಗೈ ಜೋಮು ಹಿಡಿದಂತಿದೆ ಎಂದು ಕೈ ಕೊಡವಿದಳಂತೆ. ದರ್ಜಿ ಹೆದರಿ, ಬಾಗಿಲು ಬಡಿದು ಕೂಗಲು ಹೊರಟರು. ಅಕ್ಕ ಅವರ ತೋಳು ಹಿಡಿದಳು.

‘ಬಡೀಬೇಡಿ ಅಣ್ಣಾ. ಈಗ ಮಾತಾಡಿದ್ನಲ್ಲ, ಅವ್ನು ನನ್ನ ತಮ್ಮ. ಅವ್ನು ಬಾಯ್ಬಿಟ್ಟು ಬರ್ತಾರೆ ಅಂದ್ರೆ ಬಂದೇ ಬರ್ತಾರೆ.’

ದರ್ಜಿ ಗುಂಡಿಯನ್ನು ಮತ್ತೆ ಒತ್ತಿದರು. ನಾನು ಮತ್ತೆ ಹೇಳಿದೆ. ಮತ್ತೆ ಒತ್ತಿದರು, ಮತ್ತೆ ಹೇಳಿದೆ. ಒಮ್ಮೆಯೂ ದಣಿಯಲಿಲ್ಲ, ಒಮ್ಮೆಯೂ ತಡವರಿಸಲಿಲ್ಲ. ಅಂಥ ನಟನೆ ನನ್ನ ಜನ್ಮದಲ್ಲಿ ನಾನು ಮಾಡಿದ್ದಿಲ್ಲ. ಒಂದು ನಾಟಕದ ಮೊದಲ ಅಂಕ ಮುಗಿಯುವಷ್ಟು ಹೊತ್ತು ಅವರಿಬ್ಬರೂ ನನ್ನನ್ನು ನಂಬಿ ಸುಮ್ಮನೆ ಕೂತಿದ್ದರು. ಆ ಹೊತ್ತಿನಲ್ಲಿ ಅಕ್ಕನ ಮಾತು ತೊದಲಿತು, ಬಾಯಿ ಒಂದು ಕಡೆಗೆ ವಾಲಿತು, ಆಮೇಲೆ ಮಾತೇ ನಿಂತಿತು. ಆಗ ದರ್ಜಿ ಗುಂಡಿ ಬಿಟ್ಟು ಬಾಗಿಲು ಬಡಿದರು. ಬಡಿದ ಕೂಡಲೇ, ನೆನಪಿಡಿ ಮಾನ್ಯರೇ, ಕೂಡಲೇ, ಹೊರಗೆ ನೆಲ ಒರೆಸುತ್ತಿದ್ದ ಹೆಂಗಸು ಓಡಿ ಬಂದರು, ಜನ ಸೇರಿದರು, ಕೀಲಿ ಬಂತು, ಬಾಗಿಲು ತೆರೆಯಿತು. ಸಹಾಯ ಗೋಡೆಯಾಚೆಯೇ ಇತ್ತು. ನಡುವೆ ಅಡ್ಡ ನಿಂತಿದ್ದುದು ನನ್ನ ದನಿ. ಮೆದುಳಿಗೆ ರಕ್ತದ ಹರಿವು ನಿಂತಾಗ ಬೇಗ ಕರೆತಂದಷ್ಟೂ ಮಾತು ಉಳಿಯುತ್ತಿತ್ತೆಂದು ವೈದ್ಯರು ಹೇಳಿದರು. ಹಸ್ತಪ್ರತಿಗಳನ್ನು ಬಾಯಿಪಾಠ ಹೇಳುತ್ತಿದ್ದವಳ ಬಾಯಿಂದ ಈಗ ಒಂದು ಪದವೂ ಬರುವುದಿಲ್ಲ.

ಅಕ್ಕನ ಮಗಳು ಇನ್ನೊಬ್ಬರು ಬರೆದ ಕಂಪ್ಯೂಟರ್ ಕೋಡನ್ನು ಓದಿ ತಪ್ಪು ಹುಡುಕುವ ಕೆಲಸದಲ್ಲಿದ್ದಾಳೆ. ಅಮ್ಮನ ಪಕ್ಕದಲ್ಲಿ ಕೂತು ಅಳುವುದು ಮುಗಿದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ, ಆ ಗುಂಡಿ ಒತ್ತಿದರೆ ನಿಜಕ್ಕೂ ಏನಾಗುತ್ತದೆ ಎಂದು. ನಾನು ಕೈಪಿಡಿಯಲ್ಲಿ ಇದ್ದುದನ್ನು ಹೇಳಿದೆ. ‘ಕೈಪಿಡಿ ಕೇಳಿಲ್ಲ ಮಾವ. ಒತ್ತಿದ್ರೆ ಏನಾಗುತ್ತೆ ಅಂತ ಕೇಳ್ದೆ’ ಎಂದಳು. ಮರುದಿನ ಮಧ್ಯಾಹ್ನ ಅವಳು ಅದೇ ಲಿಫ್ಟಿನಲ್ಲಿ ಬಾಗಿಲು ತೆರೆದಿಟ್ಟುಕೊಂಡು ನಿಂತಳು. ಹಿಂಬದಿಯ ಹೊಸ ಕಟ್ಟಡದಲ್ಲಿರುವ ನಿಯಂತ್ರಣ ಕೊಠಡಿಗೆ ನನ್ನನ್ನು ಕಳಿಸಿದಳು. ನನ್ನ ಕಿವಿಯಲ್ಲಿ ಫೋನು. ‘ಒತ್ತಿದೆ ಮಾವ’ ಎಂದಳು. ಫೋನಿನೊಳಗಿಂದ ನನ್ನ ದನಿ ನನಗೇ ಹೇಳಿತು: ‘ನಿಮ್ಮ ಕರೆ ನಿಯಂತ್ರಣ ಕೊಠಡಿಗೆ ತಲುಪಿದೆ.’ ನಾನು ನಿಯಂತ್ರಣ ಕೊಠಡಿಯಲ್ಲೇ ನಿಂತಿದ್ದೆ. ಗಂಟೆ ಮೊಳಗಲಿಲ್ಲ. ದೀಪ ಹತ್ತಲಿಲ್ಲ. ಮೇಲ್ವಿಚಾರಕರು ಚಹಾ ಆರಿಸಿಕೊಳ್ಳುತ್ತಿದ್ದರು.

ಕರೆ ಬಂದರೆ ತಿಳಿಯುವುದು ಹೇಗೆಂದು ಕೇಳಿದೆ. ‘ಕೆಂಪು ದೀಪ ಹತ್ತುತ್ತೆ ಸಾರ್. ಹತ್ತಿಲ್ಲ ಅಂದ್ರೆ ಯಾರೂ ಒತ್ತಿಲ್ಲ ಅಂತ ಲೆಕ್ಕ’ ಎಂದರು. ಈಗ ತಾನೇ ಒತ್ತಿದ್ದಾರಲ್ಲ ಎಂದೆ. ಅವರು ದೀಪದ ಕಡೆ ನೋಡಿದರು, ನನ್ನ ಕಡೆ ನೋಡಿದರು. ‘ಇಲ್ಲ ಸಾರ್, ಒತ್ತಿಲ್ಲ’ ಎಂದರು. ಅವರನ್ನು ನಾನು ದೂರುವುದಿಲ್ಲ. ತಮ್ಮ ಇಡೀ ಇಲಾಖೆಯ ತರ್ಕವನ್ನು ಅಷ್ಟು ಚೊಕ್ಕವಾಗಿ ಹೇಳಿದವರು ಬೇರೆ ಯಾರೂ ಇಲ್ಲ.

ಹಳೆಯ ನಿಯಂತ್ರಣ ಕೊಠಡಿ ಎಲ್ಲಿತ್ತೆಂದು ವಿಚಾರಿಸಿದಾಗ ಅವರೇ ನೆಲಮಾಳಿಗೆಗೆ ಕರೆದೊಯ್ದು ಬೀಗ ತೆಗೆದರು. ಕಾಲು ಮುರಿದ ಕುರ್ಚಿಗಳು, ಕೆಟ್ಟ ಫ್ಯಾನುಗಳು, ಧೂಳು. ಮೇಲೆ ಲಿಫ್ಟಿನಲ್ಲಿ ಅಕ್ಕನ ಮಗಳು ಇನ್ನೊಮ್ಮೆ ಗುಂಡಿ ಒತ್ತಿದಳು. ಕುರ್ಚಿಗಳ ರಾಶಿಯ ಹಿಂದೆ, ಗೋಡೆಯ ಮೇಲೆ, ಒಂದು ಕೆಂಪು ದೀಪ ಹತ್ತಿತು. ಆರಿತು. ಹತ್ತಿತು. ಕೊಠಡಿಯನ್ನು ಹೊಸ ಕಟ್ಟಡಕ್ಕೆ ಸಾಗಿಸಿದವರು ಕುರ್ಚಿ ಮೇಜು ಸಾಗಿಸಿದ್ದರು, ತಂತಿಯನ್ನು ಸಾಗಿಸಿರಲಿಲ್ಲ. ನನ್ನ ಅಕ್ಕನ ಕರೆ ತಲುಪಿತ್ತು, ಮಾನ್ಯರೇ. ಅವಳು ಮಾತು ಕಳೆದುಕೊಳ್ಳುತ್ತಿದ್ದಾಗ ಆ ದೀಪ ಹೀಗೆಯೇ ಮುರಿದ ಕುರ್ಚಿಗಳಿಗೆ ಕಣ್ಣು ಮಿಟುಕಿಸುತ್ತಿತ್ತು. ಸಭಾಂಗಣ ಖಾಲಿಯಾದ ಮೇಲೂ ಬೆಳಕು ಆರಿಸದ ರಂಗದ ಮೇಲೆ ಒಬ್ಬನೇ ನಿಂತಾಗ ಆಗುವ ಹೆದರಿಕೆ ನನಗೆ ಗೊತ್ತು. ಆ ಕೋಣೆಯಲ್ಲಿ ಅದರಪ್ಪನಂಥ ಹೆದರಿಕೆಯಾಯಿತು.

ದೂರು ಕೊಟ್ಟ ಮೇಲೆ ಆ ಒಂದು ಸಾಲಿನ ಉತ್ತರದ ಜೊತೆ ತಾವು ಲಿಫ್ಟಿನ ಕೋಡಿನ ಪ್ರತಿ ಕಳಿಸಿದಿರಿ, ಓದಲು ಬಾರದವನೆಂಬ ಧೈರ್ಯದಿಂದ. ಅಕ್ಕನ ಮಗಳು ಓದಿದಳು. ಗುಂಡಿ ಒತ್ತಿದರೆ ಸಂದೇಶ ನುಡಿಸು; ಅಲ್ಲಿರುವುದು ಇಷ್ಟೇ. ಯಾರೋ ಸ್ವೀಕರಿಸುವವರೆಗೆ ಕಾಯಬೇಕೆಂಬ ಆಜ್ಞೆ ಅದರಲ್ಲಿ ಎಲ್ಲೂ ಇಲ್ಲ. ಆದರೆ ಆ ಸಾಲಿನ ನೆತ್ತಿಯ ಮೇಲೆ ಒಂದು ಟಿಪ್ಪಣಿ ಇದೆ: ‘ಕರೆ ಸ್ವೀಕಾರವಾದ ಮೇಲಷ್ಟೇ ಸಂದೇಶ. ಪರೀಕ್ಷಿಸಲಾಗಿದೆ. ಕೈಪಿಡಿ ನೋಡಿ.’ ಹಾಗಾದರೆ ಅದರಂತೆ ಏಕೆ ನಡೆಯಲಿಲ್ಲ ಎಂದು ಕೇಳಿದೆ. ‘ಟಿಪ್ಪಣೀನ ಯಂತ್ರ ಓದೋದೇ ಇಲ್ಲ ಮಾವ. ಅದು ಮನುಷ್ಯರಿಗೆ ಅಂತ ಬರೆದಿದ್ದು, ಅವ್ರು ನಂಬಿದ್ರು’ ಎಂದಳು.

ಆಗ ನನಗೆ ಎಲ್ಲ ಅರ್ಥವಾಯಿತು. ಇದು ನಮ್ಮ ರಂಗಸೂಚನೆ! ಹಸ್ತಪ್ರತಿಯಲ್ಲಿ ‘ಗುಡುಗು’ ಎಂದು ಬರೆದ ಮಾತ್ರಕ್ಕೆ ಗುಡುಗುವುದಿಲ್ಲ, ತಗಡು ಅಲ್ಲಾಡಿಸುವವನು ಎಚ್ಚರವಾಗಿರಬೇಕು. ಒಮ್ಮೆ ಅವನು ನಿದ್ದೆಹೋದ. ನಾನು ಸೂಜಿ ಬಿದ್ದರೂ ಕೇಳುವ ಮೌನದಲ್ಲಿ ಎದೆ ಮುಟ್ಟಿಕೊಂಡು ‘ಅಬ್ಬಾ, ಆಕಾಶವೇ ಬಿರಿಯಿತಲ್ಲ’ ಎಂದೆ. ಜನ ಹೊಟ್ಟೆ ಹಿಡಿದು ನಕ್ಕರು. ಅಲ್ಲಿ ಜನ ನೋಡುತ್ತಿದ್ದರು, ಆದ್ದರಿಂದ ಸುಳ್ಳು ಆ ಕ್ಷಣವೇ ಬಯಲಾಯಿತು. ತಮ್ಮ ನಾಟಕದಲ್ಲಿ ನೋಡಿದವರು ಯಾರು? ಟಿಪ್ಪಣಿ ಬರೆದವನು ಕೈಪಿಡಿಯನ್ನು ನಂಬಿದ. ಕೈಪಿಡಿ ಬರೆದವರು ಎಲ್ಲಿಂದ ಬರೆದರು? ಟಿಪ್ಪಣಿಯನ್ನು ನೋಡಿಕೊಂಡು. ತಮ್ಮ ಪರಿಶೀಲಕರು ಕೈಪಿಡಿಯನ್ನು ಟಿಪ್ಪಣಿಯ ಜೊತೆ ಹೋಲಿಸಿ, ಎರಡೂ ಹೊಂದುತ್ತವೆ ಎಂದು ಸಹಿ ಹಾಕಿದರು. ಹೊಂದದೆ ಏನು ಮಾಡೀತು? ಕನ್ನಡಿಯೆದುರು ನಿಂತವನು ತನ್ನ ಮೀಸೆಯನ್ನು ಕನ್ನಡಿಯ ಮೀಸೆಗೆ ಹೋಲಿಸಿ ತೃಪ್ತಿಪಟ್ಟ ಹಾಗಾಯಿತು. ಇವರಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಆ ಗುಂಡಿಯನ್ನು ಒತ್ತಿ ಕೊಠಡಿಗೆ ಓಡಿ ನೋಡಿದ್ದರೆ?

ಪರಿಶೀಲಿಸಲಾಗಿದೆ. ಪರೀಕ್ಷಿಸಲಾಗಿದೆ. ಖಚಿತಪಡಿಸಿಕೊಳ್ಳಲಾಗಿದೆ. ತಮ್ಮ ಕಚೇರಿಯಲ್ಲಿ ಎಲ್ಲ ಕೆಲಸವನ್ನೂ ಮಾಡುವ ಈ ‘ಲಾಗಿದೆ’ ಎಂಬ ಮಹಾನುಭಾವರು ಯಾರು? ಅವರ ಕುರ್ಚಿ ಯಾವ ಮಹಡಿಯಲ್ಲಿದೆ? ಅವರಿಗೆ ಗುಂಡಿ ಒತ್ತಲು ಬೆರಳುಗಳಿವೆಯೇ? ನಮ್ಮಲ್ಲಿ ‘ರಾಜನನ್ನು ಕೊಲ್ಲಲಾಗಿದೆ’ ಎಂದು ಬರೆದರೂ ಕತ್ತಿ ಹಿಡಿದು ಒಬ್ಬ ನಟ ಬರಲೇಬೇಕು. ತಮ್ಮಲ್ಲಿ ಕತ್ತಿಯೂ ಇಲ್ಲ, ನಟನೂ ಇಲ್ಲ, ಹೆಣ ಮಾತ್ರ ಬೀಳುತ್ತದೆ.

ಈಗ ನಾನು ಲಿಫ್ಟು ಹತ್ತುವುದಿಲ್ಲ. ಮಂಡಿ ನೋವಿದ್ದರೂ ಮೆಟ್ಟಿಲು ಹತ್ತುತ್ತೇನೆ. ಆದರೆ ಗೋಡೆಯೊಳಗೆ ನಾನು ನನ್ನ ಜೊತೆಯಲ್ಲೇ ಏರುತ್ತೇನೆ. ಬ್ಯಾಂಕಿನಲ್ಲಿ, ಗ್ರಂಥಾಲಯದಲ್ಲಿ, ಹೆರಿಗೆ ಆಸ್ಪತ್ರೆಯಲ್ಲಿ ನನ್ನ ಗಂಟಲು ಅಪರಿಚಿತರಿಗೆ ಧೈರ್ಯ ಹೇಳುತ್ತಾ ಇಳಿಯುತ್ತದೆ, ಏರುತ್ತದೆ. ಮನೆಯಲ್ಲಿ ಅಕ್ಕನ ಕೋಣೆಗೆ ಕಾಲಿಡುವ ಮೊದಲು ‘ಬಂದೆ ಅಕ್ಕಾ’ ಎಂದು ಹೊರಗಿನಿಂದ ಕೂಗುವ ರೂಢಿ ನನ್ನದು. ಒಂದು ದಿನ ಕೂಗಿದಾಗ ಅವಳು ನನ್ನ ಕಡೆ ನೋಡಲಿಲ್ಲ. ಮುಖ ಎತ್ತಿ ಚಾವಣಿಯ ಕಡೆ ನೋಡಿದಳು. ಅಂದಿನಿಂದ ಬಾಯಿ ಮುಚ್ಚಿಕೊಂಡು, ಅವಳಿಗೆ ಕಾಣುವಷ್ಟು ಹತ್ತಿರ ಬಂದ ಮೇಲೆಯೇ ಮಾತಾಡುತ್ತೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ತಮ್ಮ ಅಧೀನದ ಪ್ರತಿ ಲಿಫ್ಟಿನಲ್ಲೂ ಒಬ್ಬರು ಗುಂಡಿ ಒತ್ತಲಿ, ಇನ್ನೊಬ್ಬರು ನಿಯಂತ್ರಣ ಕೊಠಡಿಯಲ್ಲಿ ಕೂತು ಗಂಟೆ ಮೊಳಗುತ್ತದೆಯೇ ನೋಡಲಿ. ನೋಡಿದವರು ‘ನಾನು ಒತ್ತಿದೆ, ನಾನು ನೋಡಿದೆ’ ಎಂದು ತಮ್ಮ ಹೆಸರು ಹಾಕಿ ಬರೆಯಲಿ. ಅದು ಆಗುವವರೆಗೆ ನನ್ನ ಹಳೆಯ ಮಾತನ್ನು ಕಿತ್ತು, ಈ ಪತ್ರದ ಜೊತೆ ಕಳಿಸಿರುವ ಹೊಸ ಮಾತನ್ನು ಹಾಕಿ. ಪುಕ್ಕಟೆ ಕೊಡುತ್ತಿದ್ದೇನೆ.

ಅದನ್ನು ಅಕ್ಕನ ಮಂಚದ ಪಕ್ಕದಲ್ಲೇ ಕೂತು ಸಿದ್ಧಮಾಡಿದ್ದು. ಮೊದಲು ಹಳೆಯದನ್ನೇ ಓದಿದೆ. ‘ನಿಮ್ಮ ಕರೆ ತಲುಪಿದೆ’ ಎಂದೆ. ಅವಳ ಎಡಗೈ ಮೆಲ್ಲನೆ ಎದ್ದಿತು. ಗೆಣ್ಣು ಮಂಚದ ಚೌಕಟ್ಟಿಗೆ ಬಡಿಯಿತು. ಟಕ್. ‘ಸಹಾಯ ಬರುತ್ತಿದೆ’ ಎಂದೆ. ಟಕ್. ‘ಸಹಾಯ ಬರಬಹುದು’ ಎಂದು ಜಾರಿಕೊಳ್ಳಲು ನೋಡಿದೆ. ಅದಕ್ಕೂ ಟಕ್. ಮಾತು ಹೋದರೂ ಪ್ರಾಂಪ್ಟರು ಹೋಗಿಲ್ಲ, ಮಾನ್ಯರೇ. ಅಳುತ್ತ ನಗುತ್ತ ಬದಲಿಸಿ ಬದಲಿಸಿ ಓದಿದೆ. ಕೊನೆಗೆ ಹೀಗೆಂದೆ:

‘ನೀವು ಗುಂಡಿ ಒತ್ತಿದ್ದೀರಿ. ಯಾರಿಗಾದರೂ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ಬಾಗಿಲು ಬಡಿಯಿರಿ. ಜೋರಾಗಿ ಕೂಗಿ.’

ಅವಳ ಕಣ್ಣು ನನ್ನ ತುಟಿಯ ಮೇಲಿತ್ತು, ಕೈ ಹೊದಿಕೆಯ ಮೇಲೆ ಹಾಗೆಯೇ ಇತ್ತು. ನಾನು ಬಹಳ ಹೊತ್ತು ಕಾದೆ. ಅದು ಏಳಲಿಲ್ಲ.

ಇಂತಿ,
ತಮ್ಮ ಲಿಫ್ಟುಗಳಲ್ಲಿ ಈ ಹೊತ್ತಿಗೂ ಯಾರಿಗೋ ಸುಳ್ಳು ಭರವಸೆ ಕೊಡುತ್ತಿರುವ,
ಗುಡುಗಪ್ಪ