ಬರೀ ತಾಟುಗಳ ಚಿತ್ರ

ಹುಬ್ಬಳ್ಳಿ, ಇಸವಿ 2171, ಹದಿಮೂರನೆಯ ತಿಂಗಳ ನಲವತ್ತನೆಯ ದಿನ

ಚಂಪಕಜ್ಜಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಪಂಚಾಂಗವೇ ಹಾಗೆ. ನನ್ನ ಮಾತುಗಳು ವಿಚಿತ್ರ ಅನಿಸಿದರೆ ಕ್ಷಮಿಸಿ. ನೀವು ನನ್ನ ಮುತ್ತಜ್ಜಿಯ ಅಜ್ಜಿ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಗೆ ಹಾಕುತ್ತಿರುವ ಈ ಪತ್ರ ಕೈಸೇರುವ ದಿನ ನಿಮಗೆ ಇಪ್ಪತ್ತಾರು, ನನಗೆ ನಲವತ್ತೊಂದು. ಆದರೂ ಅಜ್ಜಿಯನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ.

ಇಲ್ಲಿ ಎಲ್ಲರದೂ ಮುಚ್ಚೂಟ. ಅಂದರೆ ಗೋಡೆಯಲ್ಲಿ ತಲೆಗೊಂದು ಗೂಡು ಇರುತ್ತದೆ. ಒಳಗೆ ಕೂತು, ಬಾಗಿಲೆಳೆದುಕೊಂಡು, ಡಬ್ಬಿಯಲ್ಲಿ ಬಂದದ್ದನ್ನು ತಿಂದು, ಬಾಯೊರೆಸಿಕೊಂಡು ಹೊರಬರಬೇಕು. ಹಿಂದೊಮ್ಮೆ ಎಂಜಲಿನಿಂದ ಹರಡಿದ ಕಾಯಿಲೆ ಊರೂರನ್ನೇ ಬರಿದು ಮಾಡಿತ್ತಂತೆ. ಕಾಯಿಲೆ ಹೋಯಿತು, ಕಾನೂನು ಉಳಿಯಿತು. ನನ್ನ ಗಂಡ ಅಗಿಯುವಾಗ ಹೇಗೆ ಕಾಣುತ್ತಾನೆಂದು ಹದಿನೈದು ವರ್ಷದಲ್ಲಿ ನೋಡಿಲ್ಲ. ಶಬ್ದ ಮಾತ್ರ ಕೇಳಿದ್ದೇನೆ, ಅದೇನೂ ಅಂಥ ಚೆಂದವಿಲ್ಲ.

ನಿಮ್ಮ ಫೋನಿನ ಚಿತ್ರಗಳು ನಮ್ಮಲ್ಲಿ ಉಳಿದಿವೆ. ವಿದ್ಯಾನಗರದ ಆ ಏಷ್ಯನ್ ಸ್ಟ್ರೀಟ್ ಫುಡ್ ಹೋಟೆಲಿಗೆ ನೀವೂ ಗೆಳತಿ ಶಾಹೀನ್ ಅವರೂ ಪ್ರತಿ ಶನಿವಾರ ಹೋಗುತ್ತೀರಿ. ಬಿದಿರಿನ ಬುಟ್ಟಿಯಲ್ಲಿ ಹಬೆಯಾಡುವ ಮೊಮೊ, ಕೆಂಪು ಚಟ್ನಿ, ಬೋಗುಣಿ ತುಂಬ ನೂಡಲ್ಸ್, ಮೇಲೆ ಅರ್ಧ ಸೀಳಿದ ಮೊಟ್ಟೆ. ಒಂದರ ಕೆಳಗೆ, "ಕೊನೀ ಮೊಮೊ ಶಾಹೀನ್ ಕಸ್ಕೊಂಡ್ಲು" ಎಂದು ಬರೆದಿದ್ದೀರಿ. ಅದನ್ನು ನಾನು ಮಗಳು ತುಂಬೆಗೆ ಕಥೆಯ ಹಾಗೆ ಓದಿ ಹೇಳಿದೆ. ತಪ್ಪು ನನ್ನದೇ.

ತುಂಬೆಗೆ ಏಳು ವರ್ಷ. ಹೋದ ವಾರ ಶಾಲೆಯಲ್ಲಿ ಡಬ್ಬಿ ಬಾರದ ಹುಡುಗಿಯೊಬ್ಬಳು ಹೊರಗೆ ನಿಂತಿದ್ದಳು. ತುಂಬೆ ಗೂಡಿನ ಬಾಗಿಲು ತೆರೆದು, ತಾನು ಕಚ್ಚಿದ್ದ ಕಡುಬನ್ನೇ ಮುರಿದು ಅವಳ ಬಾಯಿಗಿಟ್ಟಳು. ಯಾಕೆ ಎಂದು ಕೇಳಿದರೆ, "ಅವ್ವಾ, ಆಕಿ ನೋಡಾಕತ್ತಿದ್ಲು. ಕೊಡದ ಹೆಂಗ ತಿನ್ಲಿ?" ಅಂದಳು.

ನಾಡಿದ್ದು ವಿಚಾರಣೆ. ಎಂಜಲು ಹಂಚಿದ ಮಗುವನ್ನು ಹದಿನೆಂಟು ತುಂಬುವವರೆಗೆ ತಾಯಿಯಿಂದ ಬೇರೆ ಇಡುತ್ತಾರೆ. ಇದು ಮನೆತನದ ಹಿರಿಯರಿಂದ ಬಂದ ರೂಢಿ ಎಂದು ಚಿತ್ರ ತೋರಿಸಿದರೆ ಮಾತ್ರ ಮಾಫಿ. ನಿಮ್ಮವನ್ನೆಲ್ಲ ಒಯ್ದೆ. ಅಧಿಕಾರಿ ತಾಳ್ಮೆಯಿಂದ ಒಂದೊಂದನ್ನೂ ನೋಡಿ, "ಬರೇ ತಾಟು ಅದಾವಲ್ರಿ ಇದ್ರಾಗ. ತಿನ್ನೋರು ಎಲ್ಲಿದ್ದಾರ?" ಎಂದರು. ಕೆಳಗೆ ಬರೆದದ್ದು ಪುರಾವೆಯಲ್ಲವಂತೆ. ಒಂದರ ಅಂಚಿನಲ್ಲಿ ಬಳೆ ತೊಟ್ಟ ಕೈಯೊಂದಿತ್ತು. ಅದು ಬಡಿಸುವವಳದು ಅಂದುಬಿಟ್ಟರು. ಅಜ್ಜಿ, ನನಗೆ ಹೆದರಿಕೆಯಾಗುತ್ತಿದೆ. ತುಂಬೆಯ ಜೊತೆ ಯಾವ ಬಟ್ಟೆ ಕಳಿಸಬೇಕೆಂಬ ಪಟ್ಟಿ ಆಗಲೇ ಬಂದಿದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೇನೆ. ಅವಳು ಪಕ್ಕದಲ್ಲಿ ಕೂತು, ನಾವು ಎಲ್ಲಿಗೆ ಹೊರಟಿದ್ದೇವೆ ಎಂದು ಕೇಳುತ್ತಾಳೆ.

ಈ ಶನಿವಾರವೂ ನೀವು ಹೋಗುತ್ತೀರಿ. ಬುಟ್ಟಿ ಮೇಜಿಗೆ ಬಂದ ಕೂಡಲೇ ಅದರ ಮೇಲೆ ಫೋನು ಹಿಡಿಯುತ್ತೀರಿ, ಚಿತ್ರ ಮುಗಿಯುವವರೆಗೆ ಶಾಹೀನ್ ಕೈ ಹಿಂದಕ್ಕೆಳೆದುಕೊಂಡು ಕಾಯುತ್ತಾರೆ. ಕಾಯಿಸಬೇಡಿ, ಅವರು ತಿನ್ನಲಿ. ಬಾಯಿ ತುಂಬಿರಲಿ, ಗಲ್ಲಕ್ಕೆ ಚಟ್ನಿ ಮೆತ್ತಿರಲಿ. ನೀವೂ ಅದೇ ಬುಟ್ಟಿಗೆ ಕೈ ಹಾಕಿ. ಆಗ ಫೋನನ್ನು ಒಂದು ಗೇಣು ಮೇಲಕ್ಕೆತ್ತಿ, ಇಬ್ಬರ ಮುಖವೂ ಬರಲಿ. ಕೆಟ್ಟದಾಗಿ ಬಂತೆಂದು ದಯವಿಟ್ಟು ಅಳಿಸಬೇಡಿ.

ಅಂಥದ್ದೊಂದು ಹೊಸದಾಗಿ ಸೇರಿತೇ ಎಂದು ನಿಮ್ಮ ಚಿತ್ರಗಳನ್ನು ಗಳಿಗೆಗೊಮ್ಮೆ ತೆರೆದು ನೋಡುತ್ತಿದ್ದೇನೆ. ಈ ಸಾಲು ಬರೆಯುವ ಮೊದಲೂ ನೋಡಿದೆ. ಇನ್ನೂ ಬರೀ ತಾಟುಗಳೇ ಇವೆ.

ನಿಮ್ಮ ಕುಡಿ,
ಗಿರಿಮಲ್ಲಿ