ಗೇಟಿನ ತನಕ ಹೋಗಿ ಬಂದವಳು

ಕುಂತೂರು
ಬುಧವಾರ, 12-11-2025

ಚಿ. ಪವಿತ್ರಳಿಗೆ,

ನಿನ್ನ ಅವ್ವ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಒಂಬತ್ತು ದಿನದಿಂದ ನೀನು ನನ್ನ ಫೋನ್ ಎತ್ತಿಲ್ಲ. ಕಾಗದವನ್ನಾದರೂ ಮೊದಲೇ ಬರೆಯಬಹುದಿತ್ತು, ತಡ ಮಾಡಿದೆ, ತಪ್ಪಾಯಿತು ಕಂದ. ಷಡಕ್ಷರಿ ಮೇಷ್ಟ್ರ ಮಗಳು ಕುಸುಮ ರಜೆಗೆ ಬಂದಿದ್ದವಳು ಭಾನುವಾರ ಐರ್ಲೆಂಡಿಗೆ ವಾಪಸ್ ಹೊರಟಿದ್ದಾಳೆ. ಅವಳ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಫೋನ್ ಆದರೆ ಕಟ್ ಮಾಡುತ್ತೀಯ. ಕಾಗದವನ್ನು ಹರಿದು ಹಾಕುವ ಮೊದಲು ಒಂದು ಸಲವಾದರೂ ಓದುತ್ತೀಯ ಅಂತ ನಂಬಿದ್ದೇನೆ.

ರಕ್ತ ಹೋಗುವುದು ನಿಂತಿತಾ? ಹಾಸಿಗೆಯಿಂದ ಕಾಲು ಕೆಳಗಿಡಬಾರದು ಅಂತ ಡಾಕ್ಟರು ಹೇಳಿದ್ದಾರಂತೆ, ಕುಸುಮ ಹೇಳಿದಳು. ಏಳನೇ ತಿಂಗಳು. ಎರಡು ಸಲ ಮಡಿಲು ಬರಿದಾದ ಮೇಲೆ ನಿಂತ ಮೂರನೆಯ ಬಸಿರು. ಅಳಿಯಂದಿರು ಹಾಲಿನ ಫ್ಯಾಕ್ಟರಿಯ ಪಾಳಿಗೆ ಹೋದರೆ ನಿನಗೆ ಒಂದು ಲೋಟ ನೀರು ಕೊಡುವವರಿಲ್ಲ. ಇದೆಲ್ಲ ಗೊತ್ತಿದ್ದೂ ನಿನ್ನನ್ನು ಹೆತ್ತವಳು ಇಲ್ಲಿ ಜಗಲಿಯ ಮೇಲೆ ಕುಳಿತಿದ್ದಾಳೆ. ನೀನು ನನ್ನನ್ನು ಏನು ಬೈದರೂ ಕಡಿಮೆಯೇ.

ಆದರೆ ಬರಬಾರದೆಂದು ಕುಳಿತವಳಲ್ಲ ಪವಿ. ಎರಡು ತಿಂಗಳು ತಯಾರಿ ಮಾಡಿದೆ. ಆಧಾರ್ ಕಾರ್ಡಿನಲ್ಲಿ ಶಿವರತ್ನಮ್ಮ, ಬ್ಯಾಂಕಿನಲ್ಲಿ ಬರೀ ರತ್ನಮ್ಮ. ಅದೊಂದನ್ನು ಸರಿ ಮಾಡಿಸಲು ಕೊಳ್ಳೇಗಾಲಕ್ಕೆ ನಾಲ್ಕು ಸಲ ಅಲೆದೆ. ವೀಸಾ ಅರ್ಜಿ ತುಂಬಿಕೊಟ್ಟವನು ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ಪ್ರಭುಸ್ವಾಮಿ. ಪುಣ್ಯಾತ್ಮ, ಒಂದೊಂದನ್ನೂ ಬಿಡಿಸಿ ಹೇಳಿದ. "ರತ್ನಕ್ಕ, ಬಿಪಿ ಮಾತ್ರೆಯ ಸುಮ್ನೆ ಡಬ್ಬಿಗೆ ಸುರ್ಕಂಡು ಓಗ್ಬ್ಯಾಡಿ, ಡಾಕ್ಟ್ರ ತಾವ ಇಂಗ್ಲೀಷ್‌ನಲ್ಲಿ ಚೀಟಿ ಬರಸ್ಕಳಿ. ಉಪ್ಪಿನ್ಕಾಯಿ ಕೈಚೀಲದಲ್ಲಿ ಇಟ್ರೆ ಕಿತ್ತು ಬಿಸಾಕ್ತರೆ" ಅಂದ. ಮೈಸೂರಿನ ದೊಡ್ಡ ಅಂಗಡಿಗೆ ಹೋಗಿ ಓಡುವ ಮೆಟ್ಟಿಲು ಹತ್ತಿ ಇಳಿಯುವುದನ್ನು ಕಲಿತೆ. ಮೊದಲ ಸಲ ಸೆರಗು ಸಿಕ್ಕಿಕೊಂಡಿತೆಂದು ಕಿರುಚಿ ಜನ ಸೇರಿಸಿದೆ. ಸೂಟ್‌ಕೇಸ್ ಇಪ್ಪತ್ಮೂರು ಕೆಜಿ ದಾಟಬಾರದಲ್ಲ, ನಾನು ಟೀಚರಾಗಿದ್ದ ಅಂಗನವಾಡಿಗೇ ಹೊತ್ತುಕೊಂಡು ಹೋಗಿ ಮಕ್ಕಳನ್ನು ತೂಗುವ ತಕ್ಕಡಿಗೆ ನೇತು ಹಾಕಿದೆ. ಈಗಿನ ಟೀಚರ್ ರೂಪ ಬಿದ್ದು ಬಿದ್ದು ನಕ್ಕಳು. "ಅಲ್ಲ ಕಣಕ್ಕ, ಮೂವತ್ತೊರ್ಷ ಊರ್ ಮಕ್ಳ ತೂಗ್ದೋಳು ಈಗ ರಾಗಿಹಿಟ್ಟು ತೂಗ್ತಿದ್ದೀಯಲ್ಲ!" ಇಪ್ಪತ್ತೈದು ಇತ್ತು. ಎರಡು ಕೆಜಿ ಹಿಟ್ಟನ್ನು ಅವಳಿಗೇ ಕೊಟ್ಟು ಬಂದೆ.

ಪ್ರಭುಸ್ವಾಮಿಯ ಒಂದು ಮಾತನ್ನು ಮಾತ್ರ ಕೇಳಲಿಲ್ಲ. "ಲಿಂಗವ ಬೆಳ್ಳಿ ಕರಡಿಗೇಲಿ ಬ್ಯಾಡಕ್ಕ, ಬಟ್ಟೇಲಿ ಕಟ್ಕಳಿ. ಚೆಕ್ ಮಾಡೋ ತಾವ ಮಿಷನ್ ಕೂಗ್ತದೆ" ಅಂದ. ನನಗೆ ರೇಗಿತು. "ನಲ್ವತ್ತೊರ್ಷದಿಂದ ಎದೆ ಮ್ಯಾಲಿರೋ ಕರಡಿಗೆ ಕಣಪ್ಪ. ಕೂಗುದ್ರೆ ಕೂಗ್ಲಿ ಬುಡು" ಅಂದುಬಿಟ್ಟೆ.

ಏರ್‌ಪೋರ್ಟಿನಲ್ಲಿ ಮಿಷನ್ ಕೂಗಿತು. ಕರಡಿಗೆ ತೆಗೆದು ಚಪ್ಪಲಿಯ ಜೊತೆ ಟ್ರೇಯಲ್ಲಿಡು ಅಂದರು, ಪ್ರಾಣ ಹೋದರೂ ಮೈಯಿಂದ ಲಿಂಗ ತೆಗೆಯುವವಳಲ್ಲ ಎಂದು ವಾಪಸ್ ಬಂದೆ. ನಿನಗೂ ಊರಿಗೂ ನಾನು ಹೇಳಿದ್ದು ಇಷ್ಟು. ಆವತ್ತು ಫೋನಿನಲ್ಲಿ ನೀನು, "ಅವ್ವ, ನಿಂಗೆ ನಾನ್ ಬೇಕೋ ಕರಡಿಗೆ ಬೇಕೋ, ಒಂದ್ ಮಾತ್ ಹೇಳ್ಬುಡು" ಅಂದೆ. ನೀನು ಫೋನ್ ಇಟ್ಟೆ.

ಊರಿನವರು ಏನು ಮಾಡುತ್ತಿದ್ದಾರೆ ಗೊತ್ತಾ? ನನ್ನನ್ನು ಹೊಗಳುತ್ತಿದ್ದಾರೆ! ದೊಡ್ಡಬಸಮ್ಮ ಮನೆಗೇ ಬಂದು ಕೈ ಮುಗಿದು, "ನಿನ್ನಂತೋಳು ಈ ಕಾಲ್ದಲ್ಲಿ ಎಲ್ಲವ್ಳೆ ಹೇಳವ್ವ" ಅಂದಳು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಉಗಿದವನು ನಿನ್ನ ಸೋದರಮಾವ ಶಿವನಂಜಯ್ಯ ಒಬ್ಬನೇ. ಏರ್‌ಪೋರ್ಟಿಗೆ ಕಾರಿನಲ್ಲಿ ಬಿಟ್ಟವನೂ ಅವನೇ, ವಾಪಸ್ ಕರೆತಂದವನೂ ಅವನೇ. ಮಳವಳ್ಳಿ ದಾಟಿದ ಮೇಲೆ ಕಾರು ನಿಲ್ಲಿಸಿ, "ಅಲ್ಲಿ ಮಗ್ಳು ಒಬ್ಳೇ ಒದ್ದಾಡ್ತಾವ್ಳೆ. ಓಗ್ಬ್ಯಾಡ ಅಂತ ಶಿವ ಬಂದು ನಿನ್ ಕಿವೀಲಿ ಹೇಳುದ್ನೇನಕ್ಕ?" ಅಂದ. ಅವನ ಮುಂದೆ ಅಳಲು ಕೂಡ ನನಗೆ ಮುಖವಿರಲಿಲ್ಲ.

ದಿನಕ್ಕೆ ಐವತ್ತು ಸಲ ಫೋನ್ ತೆಗೆದು ನೋಡುತ್ತೇನೆ. ಕಬ್ಬಿನ ಟ್ರ್ಯಾಕ್ಟರಿನವರು ಹಾಡು ಹಾಕಿಕೊಂಡು ಹೋದರೂ ನಿನ್ನ ಫೋನೇ ಬಂತೆಂದು ಒಳಗೆ ಓಡುತ್ತೇನೆ. ನಿನಗೇನಾದರೂ ಆದರೆ ನಾನು ಉಳಿಯುವುದಿಲ್ಲ ಪವಿ, ಇದು ಹೆದರಿಸಲು ಬರೆದ ಮಾತಲ್ಲ.

ಕುಸುಮಳ ಹತ್ತಿರ ಹುರಿದ ಹಿಟ್ಟು, ಚಟ್ನಿಪುಡಿ ಕೊಟ್ಟಿದ್ದೇನೆ. ಎಡಮಗ್ಗುಲಿಗೇ ಮಲಗು. ಮಗು ಆಡುವುದು ಕಡಿಮೆ ಅನ್ನಿಸಿದರೆ ನಾಳೆ ನೋಡೋಣ ಅನ್ನಬೇಡ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡು. ನೀನೇ ನರ್ಸು, ನಿನಗೆ ನಾನು ಹೇಳಿಕೊಡುವುದಾ! ಆದರೂ ಹೇಳದೆ ಇರಲಾರೆ. ಅಳಿಯಂದಿರಿಗೆ ನನ್ನ ಶರಣು ತಿಳಿಸು. ನಿನ್ನನ್ನೂ ನಿನ್ನ ಒಡಲಲ್ಲಿರುವುದನ್ನೂ ಮಾದಪ್ಪ ತನ್ನ ಕಣ್ಣಲ್ಲಿಟ್ಟು ಕಾಯಲಿ.

ನಿನ್ನ ಅವ್ವ,
ಶಿವರತ್ನಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಮೇಲೆ ಬರೆದಿದ್ದರಲ್ಲಿ ಒಂದು ಸುಳ್ಳಿದೆ.

ಮಿಷನ್ ಕೂಗಿದ್ದು ನಿಜ. ಆದರೆ ಲಿಂಗ ತೆಗೆ ಎಂದು ಯಾರೂ ಹೇಳಲಿಲ್ಲ. ಅಲ್ಲಿದ್ದ ಪೊಲೀಸ್ ಹುಡುಗಿ ಹಾವೇರಿ ಕಡೆಯವಳು. "ತೆಗೀಬ್ಯಾಡ್ರಿ ಅಜ್ಜಿ, ನಮ್ಮವ್ವನೂ ಕಟ್ಕೊಂಡಾಳ. ಪರದೆ ಒಳಗ ಬರ್ರಿ, ನಾ ನೋಡಿ ಬಿಡ್ತೀನಿ" ಎಂದು ಎರಡೇ ನಿಮಿಷದಲ್ಲಿ ಕಳಿಸಿಕೊಟ್ಟಳು. ನಾನು ವಿಮಾನ ಹತ್ತುವ ಗೇಟಿನ ತನಕ ಹೋಗಿ ಕುಳಿತಿದ್ದೆ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು, ಹಾಲಿನ ಬಾಟಲಿ ತೊಳೆದು ಬರುತ್ತೇನೆ, ಒಂದು ನಿಮಿಷ ಹಿಡ್ಕೊಳ್ಳಿ ಅಮ್ಮ ಅಂತ ತನ್ನ ಕೂಸನ್ನು ನನ್ನ ಕಡೆ ಚಾಚಿದಳು. ನಾನು ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಎದ್ದು ಹೋಗಿ, ನಾನು ಬರುವುದಿಲ್ಲ, ಹೊರಗೆ ಬಿಡಿ ಎಂದು ಗೇಟಿನವರಿಗೆ ಕೈ ಮುಗಿದೆ.

ನಿನ್ನ ಮೊದಲನೇ ಮಗು ನನ್ನ ಮಡಿಲಲ್ಲೇ ಕೊನೆಯುಸಿರು ಬಿಟ್ಟಿತು. ಎರಡನೆಯದಕ್ಕೆ ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ನೀನು ಮಂಪರಿನಲ್ಲಿದ್ದೆ. ನರ್ಸು ಮಗುವನ್ನು ನನ್ನ ಕಡೆ ತಂದಳು. ನೀನು ಕಣ್ಣು ಮುಚ್ಚಿಕೊಂಡೇ, "ಅವ್ವನ್ ಕೈಗ್ ಕೊಡ್ಬ್ಯಾಡಿ" ಅಂದೆ. ನಾನು ಅದನ್ನು ಮುಟ್ಟಲಿಲ್ಲ. ಆದರೂ ಅದು ಮೂರನೇ ದಿನಕ್ಕೆ ಹೋಯಿತು. ನಾಲ್ಕು ವರ್ಷವಾಯಿತು, ಆ ಮಾತನ್ನು ಯಾರ ಹತ್ತಿರವೂ ಆಡಿಲ್ಲ. ನಿನಗೆ ನೆನಪಿದೆಯಾ ಎಂದು ಕೇಳಲೂ ನನಗೆ ಧೈರ್ಯವಿಲ್ಲ.

ಈ ತಿಂಗಳ ಮೂವತ್ತರೊಳಗೆ ಅಲ್ಲಿ ಬಂದು ಇಳಿದರೆ ವೀಸಾ ನಡೆಯುತ್ತದಂತೆ, ಆಮೇಲೆ ಮೂರು ತಿಂಗಳು ಇರಬಹುದಂತೆ. ಬಂದರೆ ಗಂಜಿ ಕಾಯಿಸಿ ಕೊಡುತ್ತೇನೆ, ಬಟ್ಟೆ ಒಗೆಯುತ್ತೇನೆ, ನಿನ್ನ ಕಾಲು ಒತ್ತುತ್ತೇನೆ. ಮಗುವನ್ನು ಮಾತ್ರ ಮುಟ್ಟುವುದಿಲ್ಲ ಕಂದ, ನೀನಾಗಿ ಕೊಡುವವರೆಗೆ ಮುಟ್ಟುವುದಿಲ್ಲ. ಅಷ್ಟಕ್ಕಾದರೂ ಬಾ ಅನ್ನು.